ಗುಳ್ಳೆಯ ಬೆನ್ನು ಹತ್ತಿ ಡೋಣಿಯಿಂದ ಬೆಟಗೇರಿಗೆ

ನಾವು ಡೋಣಿ ಬಿಟ್ಟಾಗ ಕಪ್ಪತಗುಡ್ಡದ ನೆತ್ತಿಗಷ್ಟೇ ಬಿಸಿಲು ಬಿದ್ದಿತ್ತು. ಬಾಡಿಗೆಗೆ ಕರೆದಿದ್ದ ದಾವಲಸಾಬನ ಟೆಂಪೊದ ಮೇಲೆ ಹಿಂಭಾಗದಲ್ಲಿ ನನ್ನ ಅಕ್ಕ ಶಾಂತವ್ವನ ಗಾಡಿ ನಿಂತಿತ್ತು. ನಾಲ್ಕು ದಪ್ಪ ಗಾಲಿಯ ಎಟಿವಿ ಅದು, ಕಲ್ಲು ಮುಳ್ಳು ಏನಿದ್ದರೂ ಹತ್ತಿ ಹೋಗುತ್ತದೆ. ಹೊಸಪೇಟೆ ಕಡೆ ಮುಚ್ಚಿಹೋದ ಒಂದು ಪ್ರವಾಸಿ ತಾಣದಿಂದ ಭಾವ ಫಕ್ಕೀರಪ್ಪ ಅದನ್ನು ತಂದಿದ್ದ. ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕಬೇಕು. ಗೇರಿನ ಕಾಟವಿಲ್ಲ, ಹ್ಯಾಂಡಲಿನಲ್ಲಿರುವ ಗ್ಯಾಸ್, ಎಂದರೆ ಎಕ್ಸಿಲರೇಟರ್, ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ.

ಅಕ್ಕ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಡೆಯಲಾರಳು. ಗುಡ್ಡದ ಬುಡದ ಹೊಲಕ್ಕೆ ಆಟೋ ಹೋಗುವುದಿಲ್ಲ, ಬೈಕಿನ ಹಿಂದೆ ಅವಳಿಗೆ ಕೂರಲು ಬರುವುದಿಲ್ಲ. ಈ ಗಾಡಿ ಬಂದ ಮೇಲೆ ಎರಡು ವರ್ಷ ತಾನೇ ನಡೆಸಿಕೊಂಡು ಹೊಲಕ್ಕೆ ಹೋಗಿ ಬರುತ್ತಿದ್ದಳು. ಬೀಜ ಆರಿಸುವವಳು ಅವಳೇ, ಆಳುಗಳನ್ನು ಗದರುವವಳೂ ಅವಳೇ. ಈಚೆಗೆ ಗಾಡಿ ಅರ್ಧ ದಾರಿಯಲ್ಲೇ ಕುದಿದು ನಿಲ್ಲತೊಡಗಿತ್ತು. ರೇಡಿಯೇಟರಿನ ಮುಚ್ಚಳ ತೆಗೆದರೆ ನೀರಿನಲ್ಲಿ ಗುಳ್ಳೆ.

ನಾನು ಬೆಟಗೇರಿಯಲ್ಲಿ ಸೀರೆಗಳಿಗೆ ಫಾಲು ಹಚ್ಚುವ ಕೆಲಸ ಮಾಡುತ್ತೇನೆ. ಅಕ್ಕನ ಮನೆಗೆ ನಾಲ್ಕು ದಿನ ಇರಲು ಬಂದವಳನ್ನು ಭಾವ ಜೊತೆಗೆ ಹೊರಡಿಸಿದ. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಮುಂದಿನ ವಾರ ಮೆಣಸಿನಕಾಯಿ ಬಿಡಸಾಕ ಸುರು ಆಗತೈತಿ. ಅಷ್ಟರಾಗ ಗಾಡಿ ಬರ್ಲಿ, ಸಾಕು" ಎಂದಳು.

ಡೋಣಿಯಿಂದ ಗದಗ ಹತ್ತಿರ. ಆದರೆ ಭಾವ ಟೆಂಪೊ ತಿರುಗಿಸಿದ್ದು ಮುಂಡರಗಿಗೆ. ಅವನ ಪಂಪ್‌ಸೆಟ್ ರಿಪೇರಿ ಮಾಡುವ ಮೆಕ್ಯಾನಿಕ್ ಅಲ್ಲಿದ್ದಾನಂತೆ. ಟೆಂಪೊ ನಿಲ್ಲುವ ಮೊದಲೇ ಭಾವ ಕೆಳಗಿಳಿದು, "ಏನಿಲ್ರಿ, ಏರ್ ಹಿಡದೈತಿ" ಎಂದು ಸಾರಿದ. ನಮ್ಮ ಕಡೆ ಪಂಪ್‌ಸೆಟ್ ಕಂಡ ಪ್ರತಿಯೊಬ್ಬ ಗಂಡಸಿನ ಬಾಯಲ್ಲೂ ಈ ಮಾತು ಸಿದ್ಧವಾಗಿರುತ್ತದೆ. ಮೋಟರು ನೀರು ಎತ್ತದಿದ್ದರೆ ಏರ್ ಹಿಡದೈತಿ, ಡೀಸೆಲ್ ಎಂಜಿನ್ನು ಗೊರಗೊರ ಅಂದರೆ ಏರ್ ಹಿಡದೈತಿ. ನಟ್ಟು ಸಡಿಲಿಸಿ ಒಳಗಿನ ಗಾಳಿ ಬಿಟ್ಟರೆ ಮುಗಿಯಿತು. ಭಾವನೂ ದಿನಾ ಬೆಳಿಗ್ಗೆ ಎಟಿವಿಯ ಮುಂದಿನ ಗಾಲಿಗಳನ್ನು ಕಲ್ಲಿನ ಮೇಲೆ ಏರಿಸಿ, ಗಾಳಿ ಬಿಟ್ಟು, ನೀರು ತುಂಬಿಯೇ ಅಕ್ಕನ ಕೈಗೆ ಕೊಡುತ್ತಿದ್ದ. ಪೂಜೆ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ.

ಮುಂಡರಗಿಯವನೂ ಅದನ್ನೇ ಮಾಡಿದ. ಗುಳ್ಳೆ ಕಡಿಮೆಯಾದವು. "ಆತು, ಒಯ್ರಿ" ಎಂದ. ಹಾಗೇ ಒಯ್ಯುತ್ತಿದ್ದೆವೋ ಏನೋ, ದಾವಲಸಾಬ, "ಒಂದ್ ಸುತ್ತು ಹೊಡದು ನೋಡ್ರಿ ಕಾಕಾ. ಮತ್ತ ನನ್ನನ್ನ ಎಬ್ಬಿಸಿಗೊಂಡು ಬರಬ್ಯಾಡ್ರಿ" ಎಂದ. ಭಾವ ಪಕ್ಕದ ಬಯಲಿನಲ್ಲಿ ಸುತ್ತು ಹಾಕಿದ. ಸ್ವಲ್ಪ ಹೊತ್ತಿಗೇ ಬಿಳಿ ಆವಿ ಎದ್ದು, ಗಾಡಿಯ ಜೊತೆ ಭಾವನ ಮುಖವೂ ಕಾಣದಂತಾಯಿತು. ಮೆಕ್ಯಾನಿಕ್ ತಲೆ ಕೆರೆದುಕೊಂಡು, ಟೂ ಸ್ಟ್ರೋಕ್ ಬಲ್ಲವರು ಶಿರಹಟ್ಟಿಯಲ್ಲಿ ಇದ್ದಾರೆ ಎಂದು ಕಳಿಸಿದ.

ಗುಡ್ಡವನ್ನು ಬಳಸಿಕೊಂಡು ಹೋಗುವ ಆ ದಾರಿ ನನಗೆ ಇಷ್ಟವಾಯಿತು. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಎರೆಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ಟೆಂಪೊದಲ್ಲಿ ಬೆನ್ನು ಮಾತ್ರ ಹಣ್ಣಾಯಿತು. ಅಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಒಂದು ಬೇವಿನ ಮರದ ಕೆಳಗೆ ಕೂತು ತಿಂದೆವು. "ಮಾಮಾ, ಅಲ್ಲಿ ಹೋದ ಮ್ಯಾಲ ನೀವು ಸುಮ್ನಿರ್ರಿ. ಅವರ ನೋಡಿ ಹೇಳ್ಲಿ" ಎಂದು ಭಾವನಿಗೆ ಹೇಳಿದೆ. ಅವನು ನಕ್ಕು, "ಏರ್ ಹಿಡದಿದ್ದಕ್ಕ ಏರ್ ಅನ್ನದ ಮತ್ತೇನ ಅನ್ಲಿ?" ಎಂದ. ಅವನ ಬಾಯಿಗೆ ಬೀಗ ಹಾಕುವವರು ಯಾರು?

ಶಿರಹಟ್ಟಿಯಲ್ಲೂ ಅವನೇ ಮೊದಲು ಬಾಯಿ ತೆಗೆದ. ಅಲ್ಲಿಯವನು, ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿರಬೇಕು ಎಂದು ರಬ್ಬರ್ ಪೈಪುಗಳ ಕ್ಲಿಪ್ಪು ಬಿಗಿದ, ಮುಚ್ಚಳ ಬದಲಿಸಿದ. ಗುಳ್ಳೆ ನಿಲ್ಲಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಆಚೆಯ ಲಕ್ಷ್ಮೇಶ್ವರದಲ್ಲಿ ಮತ್ತೊಬ್ಬ, ಗಾಡಿಯ ಮೂತಿಯನ್ನು ಇಳಿಜಾರಿನಲ್ಲಿ ಮೇಲೆ ಮಾಡಿ ನಿಲ್ಲಿಸಿ, ಪುನಃ ಗಾಳಿ ಬಿಟ್ಟ. ಎಲ್ಲರಿಗೂ ಭಾವ ರೋಗದ ಹೆಸರು ಹೇಳಿಯೇ ನಾಡಿ ಹಿಡಿಸುತ್ತಿದ್ದ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಎದುರು ಗಿರಮಿಟ್ಟು ತಿಂದು ಚಹಾ ಕುಡಿದಾಗ ಹೊತ್ತು ಇಳಿದಿತ್ತು. ನಲವತ್ತು ಕಿಲೋಮೀಟರ್ ದಾಟಿ ಬೆಟಗೇರಿಯ ನನ್ನ ಮನೆಯಲ್ಲೇ ಆ ರಾತ್ರಿ ಎಲ್ಲರೂ ಉಳಿದೆವು.

ಮರುದಿನ ಬೆಳಿಗ್ಗೆ ನಮ್ಮ ಓಣಿಯ ಹಿಂದಿನ ಇಮಾಮಸಾಬನ ಗ್ಯಾರೇಜಿಗೆ ಹೋದೆವು. ಅವನು ಮಗಳ ಮದುವೆಯ ವಿಷಯ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಭಾವ ಎಂದಿನಂತೆ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಅವನೂ ನಟ್ಟು ಸಡಿಲಿಸಿ ಕಳಿಸುತ್ತಿದ್ದನೇನೋ. ಫೋನು ಜೇಬಿಗೆ ಹಾಕಿ, ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರಿಗೆ ಕುತ್ತಿಗೆವರೆಗೆ ನೀರು ತುಂಬಿ, ಮುಚ್ಚಳ ತೆಗೆದೇ ಇಟ್ಟು ಚಾಲೂ ಮಾಡಿದ. ಗುಳ್ಳೆಗಳು ಸಾಲಾಗಿ ಬಂದವು. "ಅಕ್ಕಾರ, ಸಾವಕಾಶ ಗ್ಯಾಸ್ ಒತ್ರಿ" ಎಂದ. ನಾನು ಒತ್ತಿದೆ. ಗುಳ್ಳೆ ಹೆಚ್ಚಾದವು. ಬಿಟ್ಟೆ, ಕಡಿಮೆಯಾದವು. ಮತ್ತೆ ಒತ್ತಿದಾಗ ನೀರು ಉಕ್ಕಿ ಅವನ ಅಂಗಿಗೆ ಹಾರಿತು.

"ಇದು ಸಿಕ್ಕೊಂಡ ಗಾಳಿ ಅಲ್ರಿ," ಎಂದ ಇಮಾಮಸಾಬ. "ಸಿಕ್ಕೊಂಡಿದ್ದು ಒಮ್ಮೆ ಬಂದು ಖಾಲಿ ಆಗಬೇಕು. ಇದು ಖಾಲಿ ಆಗವಲ್ದು. ಗ್ಯಾಸ್ ಒತ್ತಿದಂಗ ಹೆಚ್ಚಾಗತೈತಿ ಅಂದ್ರ ಸಿಲಿಂಡರಿನ ಹೊಗಿ ನೀರಾಗ ಬರಾಕತ್ತೈತಿ. ಹೆಡ್ಡಿನ ರಿಂಗ್ ಹೋಗೇತಿ."

ಭಾವ ಪಕ್ಕದಲ್ಲಿ ಬಿದ್ದಿದ್ದ ಹಳೆಯ ಟಾಯರಿನ ಮೇಲೆ ಕೂತ.

ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ ಉಳಿದದ್ದೂ ಗೊತ್ತಾಯಿತು. ಬೆಂಕಿಗೂ ನೀರಿಗೂ ನಡುವೆ ತಡೆಯಾಗಿರಬೇಕಾದ ರಬ್ಬರ್ ರಿಂಗು ಒಂದು ಕಡೆ ಸುಟ್ಟು ಚಪ್ಪಟೆಯಾಗಿತ್ತು. ಅದೇ ಜಾಗದಲ್ಲಿ ಸಿಲಿಂಡರಿನ ಅಂಚನ್ನು ಬೆಂಕಿ ಕೊರೆದಿತ್ತು. ಒಳಗೆ ನೀರು ಇಳಿದು ಆಯಿಲ್ ತೊಳೆದುಹೋಗಿ ಗೋಡೆಯ ಮೇಲೆ ಉದ್ದಕ್ಕೂ ಗೀರು ಬಿದ್ದಿದ್ದವು. "ಗುಳ್ಳಿ ಸುರು ಆದಾಗ ತಂದಿದ್ರ ಒಂದ್ ರಿಂಗಿನಾಗ ಮುಗೀತಿತ್ತು. ನಾನೂ ಒಂದ್ ಗಾಡಿ ಹಿಂಗ ಕೆಡಿಸೇನ್ರಿ, ಅದಕ್ಕ ಗೊತ್ತು" ಎಂದ ಇಮಾಮಸಾಬ. ಗದಗದಲ್ಲೂ ಹುಬ್ಬಳ್ಳಿಯಲ್ಲೂ ಅವನು ನಮ್ಮೆದುರೇ ಫೋನು ಮಾಡಿ ಕೇಳಿದ. ಆ ಗಾಡಿ ತಯಾರಾಗುವುದೇ ನಿಂತಿದೆ, ಸಿಲಿಂಡರ್ ಎಲ್ಲೂ ಇಲ್ಲ. ಲೇತಿಗೆ ಕೊಟ್ಟು ಹಳೆಯದನ್ನೇ ಕೊರೆಸಿದರೂ ಬಾಳಿಕೆ ಬರುವುದಿಲ್ಲ ಎಂದರು.

ಆಮೇಲೆ ಭಾವ ನೆಲ ನೋಡುತ್ತಲೇ ಹೇಳಿದ: "ನಿಮ್ಮಕ್ಕ ಶಾಂತಿ ಹೇಳಿದ್ಲವ್ವಾ. ನಾ ಬಗ್ಗಿ ಏರ್ ತಗೀತಿದ್ದೆ, ಅಕಿ ಮ್ಯಾಲ ಕುಂತು ಗ್ಯಾಸ್ ಒತ್ತತಿದ್ಲು. 'ನಾ ಒತ್ತಿದಂಗ ಗುಳ್ಳಿ ಜೋರ ಬರತಾವ ನೋಡ್ರಿ, ಇದು ಏರ್ ಅಲ್ಲ' ಅಂದ್ಲು. ಒಂದ್ ಸಲ ಅಲ್ಲ. ನಿನಗೇನ ತಿಳೀತೈತಿ, ಸುಮ್ನ ಕುಂಡ್ರು ಅಂದೆ."

ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆಗೆದವಳು ಅವನ ಮುಖ ನೋಡಿ, ಬಿಚ್ಚಿಟ್ಟ ರಿಂಗನ್ನು ಕೈಗೆತ್ತಿಕೊಂಡೆ. ಎಂಥ ಸಣ್ಣ ರಿಂಗು, ಬಳೆಗಿಂತ ತೆಳ್ಳಗಿತ್ತು.

ಗಾಡಿಯನ್ನು ಗ್ಯಾರೇಜಿನ ಮೂಲೆಯಲ್ಲೇ ಬಿಟ್ಟೆವು. ದಾವಲಸಾಬ ಬೇರೆ ಬಾಡಿಗೆಗೆ ಹೋದ. ಭಾವನೊಬ್ಬನನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಗದಗದ ಸ್ಟ್ಯಾಂಡಿನಲ್ಲಿ ಡೋಣಿ ಮೇಲೆ ಹೋಗುವ ಮುಂಡರಗಿ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಭಾವ ತನ್ನೊಬ್ಬನಿಗೆ ಟಿಕೆಟ್ ತೆಗೆಸಿದ. ದಾರಿಯುದ್ದಕ್ಕೂ ಧೂಳು.

ಅಕ್ಕ ಬಾಗಿಲಲ್ಲೇ ಇದ್ದಳು. ಟೆಂಪೊದ ಸದ್ದಿಲ್ಲದೆ ನಾವಿಬ್ಬರೂ ನಡೆದು ಬಂದದ್ದು ಕಂಡೇ ಅವಳಿಗೆ ಅರ್ಥವಾಗಿರಬೇಕು. ಭಾವ ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು, "ಅದು ಏರ್ ಅಲ್ಲಂತ" ಎಂದ. ಗಾಡಿ ಇನ್ನು ರಿಪೇರಿಯಾಗುವುದಿಲ್ಲ ಎಂಬುದನ್ನು ನಾನು ಹೇಳಿದೆ.

ಅಕ್ಕ ಅಳಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗುಡ್ಡದ ಕಡೆ ನೋಡುತ್ತ ಕೂತಳು. ನಾನು ಒಳಗೆ ಹೋಗಿ ಚಹಾ ಮಾಡಿ ತಂದೆ. ಅವಳು ಅದನ್ನು ಕುಡಿದು ಮುಗಿಸಿ ಭಾವನಿಗೆ ಹೇಳಿದಳು:

"ನಾಳೆ ಹೊಲಕ್ಕ ಹೋಗಿ ಕಾಯಿ ಹ್ಯಾಂಗ ಅದಾವ ನೋಡಿ ಬರ್ರಿ. ಬಂದು ನನಗ ಹೇಳ್ರಿ. ನೀವು ಹೇಳಿದ್ದನ್ನ ನಾ ನಂಬತೀನಿ."