ಬಾಷಾ ಸಾಬರ ಕಂಬಿ

ಬಾಷಾ ಸಾಬರಿಗೆ ಅಳತೆಯ ಟೇಪಿನ ಮೇಲೆ ನಂಬಿಕೆಯೇ ಇರಲಿಲ್ಲ. ಕಬ್ಬಿನ ಟ್ರೇಲರ್ ಆಗಲಿ, ಶಾಲೆಯ ಬೆಂಚಾಗಲಿ, ಮೊದಲು ಹತ್ತಿ ಕೂತು ನೋಡಬೇಕು, ಆಮೇಲೆ ವೆಲ್ಡಿಂಗು. ಮದ್ದೂರಿನ ಶೆಡ್ಡಿನಿಂದ ನಮ್ಮ ಹಾಸ್ಟೆಲಿನ ಗೇಟು ರಿಪೇರಿಗೆ ಬಂದವರು, ನನ್ನ ಸಂಗತಿ ಕೇಳಿದ್ದೇ ತಡ, ನನ್ನನ್ನು ಮಂಚದ ಮೇಲೆ ಕೂರಿಸಿ, ನನ್ನ ಗಾಲಿಕುರ್ಚಿಯಲ್ಲಿ ತಾವು ಕೂತು ಬಚ್ಚಲಿಗೆ ಹೊರಟೇಬಿಟ್ಟರು. ಹೆಣ್ಣುಮಕ್ಕಳ ಹಾಸ್ಟೆಲು ನೋಡಿ, ಮುಂದೆ ಆಯಮ್ಮ ಸೀಟಿ ಊದುತ್ತಾ ದಾರಿ ಬಿಡಿಸುತ್ತಿದ್ದಳು. ಥೇಟ್ ಮಂತ್ರಿಗಳ ಸವಾರಿ. ಆ ಸವಾರಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಯಾವ ಪುಣ್ಯಾತ್ಮ ಕಣಮ್ಮ ಈ ಬಾಗ್ಲು ಮಡಗಿದ್ದು? ಕುರ್ಚಿ ಒಳೀಕ್ ಓಯ್ತದೆ ಸರಿ, ನನ್ ಕೈಯ ಎಲ್ಲಿ ಬುಟ್ಟು ಬರಾನ?"

ನನ್ನ ಸಂಗತಿ ಇಷ್ಟೇ. ನಾನು ಹಲಗೂರಿನವಳು, ಎರಡೂ ಕಾಲಲ್ಲಿ ಶಕ್ತಿಯಿಲ್ಲ. ಹೆಸರು ಬೇಡದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಹಾಗೆಂದು ಅಲ್ಲಿ ಅಂಗವಿಕಲರಿಗೆ ಶೌಚಾಲಯ ಇರಲಿಲ್ಲವೆಂದರೆ ನಾಲಿಗೆ ಸುಟ್ಟುಹೋದೀತು. ಇತ್ತು! ನೀಲಿ ಬೋರ್ಡು, ಹೊಳೆಯುವ ಟೈಲ್ಸು, ಗೋಡೆಗೆ ಕಂಬಿ, ಬಾಗಿಲಿಗೆ ಬೀಗ. ಬೀಗದ ಕೈ ವಾರ್ಡನ್ ಮೇಡಂ ಸೊಂಟದಲ್ಲಿ.

"ಕಮಿಟಿಯವರು ಬಂದು ನೋಡಬೇಕು. ನೀನು ಬಳಸಿದರೆ ಹಳೆಯದಾಗುತ್ತಲ್ಲಮ್ಮ?" ಎಂದಿದ್ದರು.

ಮಾಮೂಲಿ ಬಚ್ಚಲಲ್ಲಿ ಹಿಡಿಯಲು ಏನೂ ಇರಲಿಲ್ಲ. ಎರಡು ಸಲ ಬಿದ್ದೆ. ಇನ್ನೊಂದು ಸಲ ಬಿದ್ದರೆ ಅಪ್ಪನನ್ನು ಕರೆಸಿ ಊರಿಗೆ ಕಳಿಸುತ್ತೇನೆ ಎಂದರು ಮೇಡಂ. ಹಲಗೂರಿನಿಂದ ದಿನಾ ಬಸ್ಸು ಹತ್ತಿ ಓದುವುದು ನನ್ನಿಂದ ಆಗದ ಮಾತು. ಆ ಗೋಡೆಗೊಂದು ಕಂಬಿ ಬಿದ್ದರೆ ನನಗೆ ಎಂ.ಎ., ಇಲ್ಲದಿದ್ದರೆ ಇಲ್ಲ.

ಸಾಬರು ಸೀದಾ ಮೇಡಂ ಹತ್ತಿರ ಹೋದರು. ಪರ್ಮಿಶನ್ ಬೇಕು, ಕೊಟೇಶನ್ ಬೇಕು, ಮೇಲಿನಿಂದ ಆರ್ಡರ್ ಬೇಕು ಎಂದು ಮೇಡಂ ಶುರು ಮಾಡಿದರು.

"ಎಲ್ಲಾ ತರುಸ್ಕಳಿ ಮೇಡಮ್ಮೋರೆ. ಅಷ್ಟರಲ್ಲಿ ಒಂದ್ಸಲ ಕೂತ್ಕಂಡು ನೋಡ್ಬುಡಿ. ಕಾಲು ಮಾತ್ರ ಊರಂಗಿಲ್ಲ."

ಮೇಡಂ ನಗುತ್ತಲೇ ನನ್ನ ಕುರ್ಚಿಯಲ್ಲಿ ಕೂತರು. ಬಾಗಿಲಲ್ಲಿ ಬಳೆ ಒಡೆಯಿತು. ಒಳಗೆ ಹೋಗಿ ಕುರ್ಚಿಯಿಂದ ಕಮೋಡಿಗೆ ದಾಟಲು ಕೈ ಚಾಚಿದರೆ ಬರೀ ಗೋಡೆ. ಸಾಬರು ಹೊರಗೆ ನಿಂತು, "ಕಾಲು ಊರ್ಬ್ಯಾಡಿ" ಎನ್ನುತ್ತಲೇ ಇದ್ದರು. ಆಮೇಲೆ ಒಳಗಿನಿಂದ ಮೇಡಂ ಧ್ವನಿ ಸಣ್ಣಗೆ ಬಂತು: "ಕಂಬಿ ಹಾಕಿಬಿಡಿ ಸಾಬ್ರೆ." ಆ ಗಳಿಗೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಬಾಗಿಲು ಅಗಲವಾಯಿತು, ಟ್ರೇಲರಿಗೆ ಹಾಕುವಂಥ ಗಟ್ಟಿ ಪೈಪು ಗೋಡೆಗೆ ಬಿತ್ತು. ನಾನು ಬೀಳುವುದು ನಿಂತಿತು. ಕೆಲವು ತಿಂಗಳ ಮೇಲೆ ಆಡಿಟ್‌ನವರು ಬಂದು, ಈ ಕಂಬಿ ಸ್ಟಾಕ್ ಬುಕ್ಕಿನಲ್ಲಿಲ್ಲ, ಆದ್ದರಿಂದ ಇರಕೂಡದು ಎಂದು ಬರೆದರು. ಕೀಳಲು ಸಾಬರನ್ನೇ ಕರೆಸಿದರು. ನನ್ನ ಕಡೇ ಸೆಮಿಸ್ಟರು ಇನ್ನೂ ಬಾಕಿ ಇತ್ತು. ಸಾಬರು ಕಂಬಿಯನ್ನು ಎರಡು ಸಲ ತಟ್ಟಿದರು.

"ಕೀಳಾನ ಸ್ವಾಮಿ, ಅದಕ್ಕೇನಂತೆ. ಕಿತ್ರೆ ಗೋಡೇನೂ ಜೊತೇಲಿ ಬತ್ತದೆ. ಗೋಡೆ ನಿಮ್ ಬುಕ್ನಲ್ಲಿ ಅದೆ ತಾನೆ?"

ಆಡಿಟ್‌ನವರು ಬುಕ್ಕು ಮುಚ್ಚಿದರು.

ಅವತ್ತು ಗೇಟಿನ ಹತ್ತಿರ, "ಪರೀಕ್ಷೆ ಮುಗಿದ ಮೇಲೆ ನಿಮ್ಮ ಶೆಡ್ಡಿಗೆ ಬತ್ತೀನಿ ಸಾಬ್ರೆ" ಎಂದೆ.

"ಬಾ ಕಣಮ್ಮ. ನಮ್ ಶೆಡ್ಡಿಗೂ ಮೂರು ಮೆಟ್ಲವೆ. ಊರ್ಗೆಲ್ಲ ಯೋಳೋನ ಮನೇಲೇ ಇಂಗದೆ, ನೋಡು!" ಎಂದು ತಲೆ ಕೆರೆದುಕೊಂಡು ನಕ್ಕರು.

ಪರೀಕ್ಷೆ ಮುಗಿಯಿತು, ರಿಸಲ್ಟ್ ಬರಲಿ ಎಂದುಕೊಂಡೆ. ಬಂತು, ಕೆಲಸ ಸಿಗಲಿ ಎಂದುಕೊಂಡೆ. ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಮದ್ದೂರಿಗೆ ಹೋದೆ. ಸಾಬರು ತೀರಿಹೋಗಿ ಮೂರು ತಿಂಗಳಾಯಿತು ಎಂದರು ಪಕ್ಕದ ಪಂಕ್ಚರ್ ಅಂಗಡಿಯವರು.

ಗಾಲಿ ತಳ್ಳಿಕೊಂಡು ಶೆಡ್ಡಿನ ಬಾಗಿಲವರೆಗೆ ಹೋದೆ. ಬೀಗ ಹಾಕಿತ್ತು. ಮುಟ್ಟಿ ನೋಡಿ ಹಿಂದಕ್ಕೆ ತಿರುಗಿದಾಗಲೇ ತಿಳಿದದ್ದು, ನಾನು ಯಾರ ಕೈಯೂ ಇಲ್ಲದೆ ಮೇಲೆ ಬಂದಿದ್ದೆ. ಮೂರು ಮೆಟ್ಟಿಲ ಮೇಲೆ ಕಬ್ಬಿಣದ ಇಳಿಜಾರು ಹಾಸಿತ್ತು, ಎರಡೂ ಕಡೆ ನನ್ನ ಕೈ ಎತ್ತರಕ್ಕೆ ಕಂಬಿ.

"ಯಾರೋ ಅಲಗೂರು ಹೆಣ್ಮಗ ಬತ್ತದೆ ಅಂತ ಮಾಡ್ದ ಕಣಮ್ಮ" ಎಂದರು ಪಂಕ್ಚರ್ ಅಂಗಡಿಯವರು. "ದಿನಾ ಯಾರ್ದೋ ಗಾಲಿ ಕುರ್ಚಿ ತಂದು ತಾನೇ ಕೂತ್ಕಂಡು ಅತ್ತಿ ಇಳ್ದು ನೋಡೋನು."

ಆ ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ.