ಉಪ್ಪುನೀರಿನ ಹುಳುಗಳು

ಅಪ್ಪ ಬರಿಗೈ ಹಾಕಿ ಕಲ್ಲನ್ನು ಸರಿಸಿದಾಗಲೇ ತೊಟ್ಟಿಯಲ್ಲಿ ಹುಳುಗಳಿರುವುದು ನಮಗೆ ಗೊತ್ತಾದದ್ದು. ಕೊಳ್ಳೇಗಾಲದ ನಮ್ಮ ರೇಷ್ಮೆ ಸೀರೆ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಗಾದಿಯ ಪಕ್ಕ, ಅಪ್ಪ ಮೈಸೂರಿನಿಂದ ತರಿಸಿದ ಉಪ್ಪುನೀರಿನ ಮೀನಿನ ತೊಟ್ಟಿಯಿದೆ. ಕೈ ಹೊರತೆಗೆದಾಗ ಬೆರಳ ತುದಿಗಳಲ್ಲಿ ಗಾಜಿನ ನಾರಿನಂಥ ಬಿಳಿ ರೋಮಗಳು ಚುಚ್ಚಿಕೊಂಡಿದ್ದವು. ಉರಿಗಿಂತ ಅವರಿಗೆ ಬೇರೆಯದೇ ಚಿಂತೆ: ಆ ಬೆರಳಲ್ಲಿ ಸೀರೆ ಮುಟ್ಟಿದರೆ ಎಳೆ ಏಳುತ್ತದೆ. ನಾನು ಪಾರ್ಸೆಲ್ ಟೇಪನ್ನು ಒತ್ತಿ ಒತ್ತಿ ರೋಮ ಕಿತ್ತೆ.

"ನೀನು ಇದ್ನೇ ಅಲ್ವಾ ಓದ್ಕಂಡ್ ಬಂದಿರದು? ಅದ್ಯಾವ್ ಹುಳ ನೋಡವ್ವ," ಎಂದರು. "ಸರಿ ಮಾಡ್ಬುಟ್ಟು ಓಗು."

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು ಮುಂದಿನ ಸೋಮವಾರ ಕಾರವಾರದ ಕಡಲಜೀವಿ ಕೇಂದ್ರದಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಬೇಕಿತ್ತು. ಇದಕ್ಕೆ ಮೊದಲು ಒಂದು ಕೆಲಸ ಯುಗಾದಿ ವ್ಯಾಪಾರದ ನೆಪದಲ್ಲಿ ತಪ್ಪಿತ್ತು. ಈಗ ಹುಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದಾಗ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ, ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿ, ಒಳಗೆ ತಲೆ ತೂರಿಸಿದೆ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಕಲ್ಲಿನ ಸಂದುಗಳಿಂದ ಒಂದೊಂದೇ ಹೊರಬಂದವು. ಮಾಸಲು ಗುಲಾಬಿ ಮೈ, ಉಂಗುರ ಉಂಗುರಕ್ಕೂ ಎರಡು ಬದಿ ರೋಮದ ಕುಚ್ಚು. ಹವಳ ತಿನ್ನುವ ವಿಷದ ಜಾತಿಗೆ ತಲೆಯ ಹಿಂದೆ ಮಡಿಕೆ ಮಡಿಕೆಯಾದ ಉಬ್ಬೊಂದಿರುತ್ತದೆ. ಒಂದನ್ನು ಇಕ್ಕುಳದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಉಬ್ಬು ಇರಲಿಲ್ಲ. ಉಳಿದವು ಮರಳಿನ ಮೇಲೆ ಕೊಳೆಯುತ್ತಿದ್ದ ಮೇವನ್ನು ತಿನ್ನುತ್ತಿದ್ದವು, ಅಷ್ಟೇ.

ವಿಷದ ಹುಳು ಎಂದುಬಿಟ್ಟಿದ್ದರೆ ಅಪ್ಪ ಅಂದೇ ತೊಟ್ಟಿ ಖಾಲಿ ಮಾಡಿಸುತ್ತಿದ್ದರು, ನಾನು ಸೋಮವಾರದ ಹೊತ್ತಿಗೆ ಕಾರವಾರದಲ್ಲಿರಬಹುದಿತ್ತು. ಅದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಕಣ್ಣಾರೆ ನೋಡಿದ್ದನ್ನು ಬೇರೆಯಾಗಿ ಹೇಳುವುದು ನನ್ನಿಂದಾಗಲಿಲ್ಲ.

ಅಷ್ಟು ಮೇವು ಉಳಿದದ್ದು ಯಾಕೆಂದು ಹುಡುಕಬೇಕಾಗಿರಲಿಲ್ಲ. ಅಪ್ಪ ಬೆಳೆದದ್ದು ಹನೂರಿನ ಕಡೆ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಹುಳುವಿಗೆ ಸೊಪ್ಪು ಹಾಕಿದಂತೆ ಮೀನಿಗೂ ಹೊತ್ತು ಹೊತ್ತಿಗೆ ಹಾಕುತ್ತಿದ್ದರು. ಮುಂದೆ ಮೇವಿಲ್ಲದ ಜೀವವನ್ನು ಕಂಡರೆ ಅವರಿಗೆ ತಡೆಯಲಾಗದು.

"ಹುಳ ಏನೂ ಮಾಡಲ್ಲಪ್ಪ. ಮೇವು ಕಡಿಮೆಯಾದ್ರೆ ಅವೂ ಕಡಿಮೆಯಾಯ್ತವೆ. ದಿನಕ್ಕೊಂದು ಚಿಟಿಕೆ ಸಾಕು."

"ಒಂದ್ ಚಿಟಿಕೆನಾ? ಮೀನ್ ಸಾಕಿರದಾ, ಉಪಾಸ ಕೆಡವಕಾ?"

ಮಾರನೆಯ ಬೆಳಿಗ್ಗೆ ಅವರು ಡಬ್ಬಿ ಹಿಡಿದು ತೊಟ್ಟಿಯ ಮುಂದೆ ನಿಂತಿದ್ದರು. ನನ್ನನ್ನು ಕಂಡು ನಕ್ಕರು. "ನನ್ ಕೈ ನಿಲ್ಲಲ್ಲ ಕಣವ್ವ. ನೀನೇ ಹಾಕು," ಎಂದು ಡಬ್ಬಿಯನ್ನು ನನಗೆ ಕೊಟ್ಟರು.

ಸಂಜೆ ಅಜ್ಜಿ, ಅಪ್ಪನ ತಾಯಿ, ಅಂಗಡಿಗೆ ಬಂದರು. ಅವರ ಹುಳುಮನೆಯಲ್ಲಿ ಒಂದು ಕಟ್ಟುಪಾಡಿತ್ತು: ಮೊದಲ ಮೇವು ಹಾಕಿದವಳು, ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹೋಗುವ ತನಕ, ನೆಂಟರ ಮದುವೆಗೂ ಊರು ಬಿಡುವಂತಿಲ್ಲ. ನನ್ನ ಕೈಯಲ್ಲಿ ಡಬ್ಬಿ ನೋಡಿ ಅದನ್ನೇ ನೆನಪಿಸಿದರು.

"ಇವು ಹಣ್ಣಾಗಲ್ಲ ಅಜ್ಜಿ. ಗೂಡೂ ಕಟ್ಟಲ್ಲ."

"ಇನ್ನೇನ್ ಮಾಡವು?"

"ತಿಂತವೆ."

ಅಜ್ಜಿ ತೊಟ್ಟಿಯನ್ನೂ ನನ್ನನ್ನೂ ನೋಡಿದರು. "ಅಂಗಾದ್ರೆ ನೀ ಓಗದ್ಯಾವಾಗಮ್ಮಿ?"

ನಮ್ಮ ಮನೆಯಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಅಪ್ಪ ಸೀರೆ ಮಡಚುತ್ತಲೇ ಇದ್ದರು.

ಹುಳುಗಳು ಇನ್ನೂ ಕಡಿಮೆಯಾಗಿರಲಿಲ್ಲ, ಡಬ್ಬಿ ನನ್ನ ಕೈಯಲ್ಲೇ ಇತ್ತು; ಶುಕ್ರವಾರ ಕಾರವಾರಕ್ಕೆ ಫೋನ್ ಮಾಡಿ ಸ್ವಲ್ಪ ಕಾಲಾವಕಾಶ ಕೇಳಿದೆ. ಕಾಯಲಾಗದು, ಬೇರೆಯವರನ್ನು ಕರೆಯುತ್ತೇವೆ ಎಂದು ಸೌಜನ್ಯದಿಂದಲೇ ಹೇಳಿದರು. ಅಪ್ಪನಿಗೆ ತಿಳಿಸಿದೆ. "ಬುಡು, ಇನ್ನೊಂದ್ ಬತ್ತದೆ," ಎಂದು ಗಿರಾಕಿಯ ಮುಂದೆ ಸೀರೆ ಹರವಿದರು.

ಈಗ ಹುಳುಗಳು ಕಾಣುವುದು ಅಪರೂಪ, ನೀರು ತಿಳಿಯಾಗಿದೆ. ತೊಟ್ಟಿಯನ್ನು ಹೊಗಳಿದವರಿಗೆಲ್ಲ ಅಪ್ಪ ಹೇಳುತ್ತಾರೆ: "ನಮ್ ಮಗಳೇ ನೋಡ್ಕೊಳದು. ಎಲ್ಲೂ ಓಗಲ್ಲ ಅವ್ಳು." ಅವರ ದನಿಯಲ್ಲಿ ಇರುವುದು ನಿಜವಾದ ಹೆಮ್ಮೆ. ನಾನು ಡಬ್ಬಿ ತೆರೆದು ಆ ದಿನದ ಚಿಟಿಕೆ ಮೇವು ಹಾಕುತ್ತೇನೆ.