ಕೊವಾಲಾದ ಹಳೆಯ ನೆಂಟರು

ಏನನ್ನು ನೋಡಬೇಕಾದರೂ ಟೀಚರ್ ಎಡಗಣ್ಣು ಮುಚ್ಚುತ್ತಿದ್ದರು. ಮೀನು ಮಾರುಕಟ್ಟೆಯಲ್ಲಿ ಅಂಜಲ್‌ನ ಕಿವಿರು, ಅಕ್ಕಿಯಲ್ಲಿದ್ದ ಕಲ್ಲು, ಮಕ್ಕಳ ಉತ್ತರಪತ್ರಿಕೆ, ಯಾವುದಾದರೂ ಸರಿ, ಮುಖದ ಹತ್ತಿರ ಹಿಡಿದು ಬಲಗಣ್ಣೊಂದರಲ್ಲೇ ನೋಡುವುದು. ಆ ಎಡಗೆನ್ನೆಯ ಮೇಲೆ ಗೆರೆಗಳು ಖಾಯಂ ಆಗಿ ಬಿದ್ದಿದ್ದವು. ಮಕ್ಕಳು ಹಿಂದಿನಿಂದ ಅಣಕಿಸುತ್ತಿದ್ದರು. ಅದು ವರ್ಷಗಟ್ಟಲೆ ಒಂದೇ ಕಣ್ಣಿಗೆ ಮಸೂರ ಒತ್ತಿ ಕೂತವರ ಅಭ್ಯಾಸವೆಂದು ನನಗೆ ಗೊತ್ತಾದದ್ದು ತಡವಾಗಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಕುಂದಾಪುರದಿಂದ ಬಹರೇನಿಗೆ ಬಂದು, ಮನಾಮಾದ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸಲು ಸೇರಿಕೊಂಡೆ. ಅವರು ಅಲ್ಲಿ ಜೀವಶಾಸ್ತ್ರದ ಟೀಚರ್. ಕಾರ್ಕಳದವರು, ನನಗಿಂತ ತುಂಬ ಹಿರಿಯರು. ಮಕ್ಕಳಿರಲಿಲ್ಲ. ಗಂಡ ಸಿತ್ರಾದ ರಿಫೈನರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಇಬ್ಬರ ಮನೆಯೂ ಅರಾದ್‌ನಲ್ಲಿದ್ದುದರಿಂದ ಶಾಲೆಯ ಬಸ್ಸಿನಲ್ಲಿ ಜೊತೆಗೇ ಕೂರುತ್ತಿದ್ದೆವು. ಮಧ್ಯಾಹ್ನ ಮರಳುವಾಗ ಸೀಟು ಸುಡುತ್ತಿತ್ತು. ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಆಯ್ತು, ಇವತ್ತಿಂದು ಮುಗೀತು" ಎಂದು ಕಣ್ಣು ಮುಚ್ಚುತ್ತಿದ್ದರು. ದಿನಾ ಅದೇ ಮಾತು.

ಒಂದು ದಿನ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಕೊವಾಲಾದ ಗೊಂಬೆ ಹಿಡಿದು ಬಸ್ಸು ಹತ್ತಿದಳು. ಟೀಚರ್ ಅದನ್ನು ಈಸಿಕೊಂಡು, ಬಾಯಿಯ ಜಾಗದಲ್ಲಿ ಬೆರಳಿಟ್ಟು, "ಹಲ್ಲೇ ಇಲ್ಲ. ಮುಖ್ಯವಾದ್ದನ್ನೇ ಬಿಟ್ಟಿದ್ದಾರೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅವರು ಸ್ಕಾಲರ್‌ಶಿಪ್ ಸಿಕ್ಕಿ ಆಸ್ಟ್ರೇಲಿಯಾದಲ್ಲಿ ಓದಿದವರೆಂದೂ, ಅಲ್ಲಿನ ಒಣಗಿದ ಉಪ್ಪಿನ ಸರೋವರಗಳ ದಂಡೆಯಲ್ಲಿ ಮಣ್ಣು ಜರಡಿ ಹಿಡಿದು ಕೊವಾಲಾದ ಪೂರ್ವಕಾಲದ ಬಂಧುಗಳ ಹಲ್ಲು ಹೆಕ್ಕಿದವರೆಂದೂ ಅಂದೇ ನನಗೆ ತಿಳಿದದ್ದು. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದರಂತೆ. ಮದುವೆಯಾಯಿತು. ಆಮೇಲೆ ಬಹರೇನ್.

ಆಮೇಲೆ ನಾನೇ ಕೇಳತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

"ಈಗ ಇರುವುದು ಒಂದೇ ಜಾತಿ. ಹಿಂದೆ ಸುಮಾರು ಇದ್ದವು. ಕೆಲವು ಬೆಕ್ಕಿನಷ್ಟೇ ಸಣ್ಣ. ಆಗ ಆ ಉಪ್ಪಿನ ಬಯಲೆಲ್ಲ ಕಾಡು ಮಾರಾಯ್ತಿ, ನೀರು, ಹಸಿರು."

"ಮತ್ತೆ ಏನಾಯ್ತು ಟೀಚರ್?"

"ಭೂಮಿ ಒಣಗ್ತಾ ಬಂತು. ಮೆತ್ತಗಿನ ಎಲೆಯ ಮರ ಹೋದವು, ನೀಲಗಿರಿ ಜಾತಿಯವು ಹಬ್ಬಿದವು. ಅದರ ಎಲೆ ವಿಷ, ಸತ್ವವೂ ಇಲ್ಲ. ಅದನ್ನು ತಿಂದು ಅರಗಿಸಿಕೊಂಡದ್ದರ ವಂಶ ಉಳೀತು. ಈಗಿನದಕ್ಕಿಂತ ದೊಡ್ಡದೊಂದು ತೀರ ಮೊನ್ನೆಮೊನ್ನೆಯವರೆಗೆ ಇತ್ತು. ಅದೂ ಹೋಯ್ತು. ಯಾಕೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ."

ಅವರ ಮೊನ್ನೆಮೊನ್ನೆ ಎಂದರೆ ಸಾವಿರಾರು ವರ್ಷ. ಬಸ್ಸು ಸೇತುವೆ ದಾಟುತ್ತಿತ್ತು.

ಒಂದು ಚಳಿಗಾಲದ ಶುಕ್ರವಾರ ನನ್ನನ್ನು ಅಡುಗೆಗೆ ಸಹಾಯಕ್ಕೆ ಕರೆದರು. ಅವರ ಜೊತೆ ಓದಿದ್ದ ಆಸ್ಟ್ರೇಲಿಯಾದವರೊಬ್ಬರು ಲಂಡನ್ನಿಗೆ ಹೋಗುವ ದಾರಿಯಲ್ಲಿ ಬಹರೇನಿನಲ್ಲಿ ಇಳಿದಿದ್ದರು. ನೀರ್‌ದೋಸೆ ತಿಂದು ಮುಗಿಸಿದ ಮೇಲೆ ಆತ ಹತ್ತಿ ತುಂಬಿದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಒಳಗೊಂದು ಹಲ್ಲು, ಹೆಸರುಕಾಳಿನಷ್ಟು. ಟೀಚರ್ ಕೈ ತೊಳೆದು ಬಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಷ್ಟೋ ಹೊತ್ತು. ಬಳಿಕ ನನ್ನನ್ನು ಕರೆದು ಮಸೂರ ಕೊಟ್ಟರು. ಹಲ್ಲಿನ ಮೇಲೆ ಬಿದಿಗೆ ಚಂದ್ರನಂಥ ಸಣ್ಣ ಸಣ್ಣ ಏಣುಗಳಿದ್ದವು.

"ಸವೆದೇ ಇಲ್ಲ ನೋಡು," ಎಂದರು. "ಮರಿ ಇದು. ಎಲೆ ತಿನ್ನಲಿಕ್ಕೆ ಶುರು ಮಾಡಿತ್ತಷ್ಟೆ."

ಆ ಧ್ವನಿಯನ್ನು ನಾನು ಶಾಲೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಬಂದವರು ಹಲ್ಲು ತೋರಿಸಲಿಕ್ಕಷ್ಟೇ ಬಂದಿರಲಿಲ್ಲ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಕೆಲಸವೊಂದಿದೆ, ವರ್ಷಕ್ಕೆ ಕೆಲವು ತಿಂಗಳು ಮತ್ತೆ ಆ ಸರೋವರಗಳ ಕಡೆ ಜರಡಿ ಹಿಡಿಯುವುದು, ನೀನೇ ಬರಬೇಕು ಎಂದರು. ಅಷ್ಟರಲ್ಲಿ ಕಂಪನಿ ಬಸ್ಸಿಳಿದು ಅವರ ಗಂಡ ಬಂದರು, ಕೆಲಸದ ಬಟ್ಟೆಯಲ್ಲೇ. ವಿಷಯ ಕೇಳಿ, ಶೂ ಬಿಚ್ಚುತ್ತ, "ಹೋಗು. ನನ್ನ ಊಟ ಕ್ಯಾಂಟೀನಲ್ಲಿ ಆಗ್ತದೆ" ಎಂದರು. ಮನಸಾರೆಯೇ ಹೇಳಿದರು. ಟೀಚರ್, "ನೋಡುವ" ಎಂದಷ್ಟೇ ಹೇಳಿ ತಟ್ಟೆಗಳನ್ನು ಎತ್ತಿದರು.

ಕೆಲವು ವಾರದ ನಂತರ ಬಸ್ಸಿನಲ್ಲಿ, "ಬರುವುದಿಲ್ಲ ಅಂತ ಬರೆದು ಹಾಕಿದೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಮನೆಯವರಿಗೋಸ್ಕರ ಬಿಟ್ಟಿರಾ? ಅವರೇ ಹೋಗು ಅಂದರಲ್ಲ ಟೀಚರ್?"

"ಅವರ ಮೇಲೆ ಹಾಕಬೇಡ. ಯಾರೂ ತಡೀಲಿಲ್ಲ. ನನಗೇ ಸಾಕಾಗಿದೆ. ಆ ಬಿಸಿಲು, ಆ ನೊಣ, ದಿನವಿಡೀ ಬಗ್ಗಿ ಜರಡಿ. ಆವಾಗ ಅದು ಕಷ್ಟ ಅಂತ ಅನ್ನಿಸ್ತಿರಲಿಲ್ಲ. ಈಗ ನೆನೆಸಿದರೇ ಬೆನ್ನು ನೋಯ್ತದೆ." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಆ ಹಲ್ಲು ನೋಡಿದೆನಲ್ಲ, ಅದು ಒಳ್ಳೇದಾಯ್ತು" ಎಂದರು.

ನಾನು ಅವರಿಗಾಗಿ ಅಳಲು ಸಿದ್ಧಳಾಗಿದ್ದೆ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ದಣಿವನ್ನು ತ್ಯಾಗವೆಂದು ಕರೆಯದೆ ದಣಿವೆಂದೇ ಕರೆದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನ್ನ ಸಂಸಾರದ ಕಷ್ಟದ ದಿನಗಳಲ್ಲಿ, ಯಾರ ಮೇಲೂ ಹೊರೆ ಹೊರಿಸದೆ "ನನಗೆ ಸುಸ್ತಾಗಿದೆ" ಎಂದು ಹೇಳಿ ಮಲಗಲು ಕಲಿತದ್ದು ಅವರಿಂದಲೇ.

ಅವರು ತೀರಿಹೋದದ್ದು ಬೇಸಿಗೆ ರಜೆಯಲ್ಲಿ. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಊರಿನಲ್ಲಿದ್ದೆ, ಮರಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರಾದ್‌ನ ಆ ಮನೆಗೆ ಹೋದಾಗ ಅವರ ಗಂಡ ತಾವೇ ಚಹಾ ಮಾಡಿ ತಂದರು. ಸಕ್ಕರೆ ಹೆಚ್ಚಾಗಿತ್ತು.

"ಒಂದು ಕೇಳ್ತೇನೆ," ಎಂದರು. "ನಾನು ಶಿಫ್ಟಿಂದ ಬಂದರೆ ಮಲಗುವುದು, ಎದ್ದರೆ ಹೋಗುವುದು. ಅವಳು ಆ ಪ್ರಾಣಿಗಳ ಮೇಲೆ ಅಷ್ಟು ವರ್ಷ ಓದಿದಳಲ್ಲ, ಏನು ಅಂತ ಒಮ್ಮೆಯೂ ಸರಿಯಾಗಿ ಕೂತು ಕೇಳ್ಲಿಲ್ಲ. ನಿಮಗೆ ಹೇಳಿದ್ದಾಳಂತಲ್ಲ."

"ಹೇಳಿದ್ದಾರೆ," ಎಂದೆ.

"ಹಾಗಾದರೆ ಹೇಳಿ. ನನಗೆ ಇವತ್ತು ಡ್ಯೂಟಿ ಇಲ್ಲ."

ನಾನು ಲೋಟ ಕೆಳಗಿಟ್ಟು, ಸರೋವರಗಳು ಇನ್ನೂ ಒಣಗದಿದ್ದ ಕಾಲದಿಂದ ಶುರು ಮಾಡಿದೆ.